ದಾನವ್ವನ ಎಪ್ಪತ್ತೆಂಟು, ಹತ್ತಿಯ ಆರು ಅಂಡಿಗೆ

ಹುಬ್ಬಳ್ಳಿ, ಜೂನ್ ೧೯೬೯

ನಮ್ಮ ಕಚೇರಿಯ ಗಣಕಯಂತ್ರದೊಳಗೆ ಇದ್ದುಕೊಂಡು ಎಲ್ಲ ಕೆಲಸಗಳಿಗೂ ಸರದಿ ಹಚ್ಚುವ ಮೇಲ್ವಿಚಾರಕ ಕ್ರಮವಿಧಿಯವರಿಗೆ,

ಮಾನ್ಯರೇ,

ಒಂದು ದಿನವೂ ರಜೆ ಕೇಳದ, ಚಹಾಕ್ಕೆಂದು ಎದ್ದು ಹೋಗದ ತಮಗೆ ಈ ವಿಭಾಗದ ಗಣಿತ ಸಹಾಯಕಿಯ ಸವಿನಯ ವಂದನೆಗಳು. ಮನುಷ್ಯರಾದ ಮೇಲಧಿಕಾರಿಗಳಿಗೆ ಬರೆದು ಸಾಕಾಗಿದ್ದರಿಂದ ತಮಗೆ ತೊಂದರೆ ಕೊಡುತ್ತಿದ್ದೇನೆ.

ಒಂದು ಕೆಲಸ ಅರ್ಧದಲ್ಲಿರುವಾಗ ಇನ್ನೊಂದರ ಕರೆ ಬಂದರೂ ತಾವು ಸಿಡಿಮಿಡಿಗೊಳ್ಳುವವರಲ್ಲ. ಯಂತ್ರದ ರಿಜಿಸ್ಟರುಗಳಲ್ಲಿ, ಅಂದರೆ ಲೆಕ್ಕ ನಡೆಯುವಾಗ ಸಂಖ್ಯೆಗಳು ಕೂರುವ ಪುಟ್ಟ ಖಾನೆಗಳಲ್ಲಿ, ಇದ್ದುದನ್ನೆಲ್ಲ ಒಂದು ಪಟ್ಟಿಯಲ್ಲಿ ಎತ್ತಿಟ್ಟು ಹೋಗಿ, ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಸುತ್ತೀರಿ. ಕವಿತೆಯ ನಡುವೆ ಒಲೆಯ ಮೇಲಿನ ಹಾಲಿಗೆಂದು ಎದ್ದು ಹೋದರೆ ಬಿಟ್ಟ ಸಾಲು ಮತ್ತೆ ಸಿಕ್ಕದ ನನಗೆ ಈ ಗುಣದ ಮೇಲೆ ಅಸೂಯೆಯೇ ಇದೆ.

ಆದರೆ ಆ ಪಟ್ಟಿಯನ್ನು ಬರೆದವರು ನಮ್ಮ ಕಚೇರಿಯ ಇಬ್ಬರು ಮಹನೀಯರು. ಒಂದೇ ರಿಜಿಸ್ಟರನ್ನು ಒಬ್ಬರು ‘ಸಂಚಯ’ ಎಂದರು, ಇನ್ನೊಬ್ಬರು ‘ಮೊತ್ತ’ ಎಂದರು. ಹೆಸರು ಎರಡಾದ್ದರಿಂದ ಪಟ್ಟಿಯಲ್ಲಿ ಸ್ಥಳವೂ ಎರಡಾಯಿತು. ಮುಗದದ ತವರಿನಲ್ಲಿ ನಾನು ಶರಣವ್ವ, ಕಮರಿಪೇಟೆಯ ಗಂಡನ ಮನೆಯಲ್ಲಿ ಬಾಳವ್ವ. ಹಾಗೆಂದು ಊಟಕ್ಕೆ ಕೂತಾಗ ನನಗೆ ಯಾರೂ ಎರಡು ತಾಟು ಇಟ್ಟದ್ದಿಲ್ಲ.

ಹೋದ ವಾರ ತಾವು ಶಿಕ್ಷಕಿಯರ ತರಬೇತಿಯ ಪ್ರವೇಶ ಪರೀಕ್ಷೆಯ ಅಂಕಗಳನ್ನು ಕೂಡಿಸುತ್ತಿದ್ದಾಗ ಹತ್ತಿ ಉಗ್ರಾಣದ ಅಂಡಿಗೆಗಳ, ಅಂದರೆ ಹತ್ತಿ ಮೂಟೆಗಳ, ಲೆಕ್ಕ ಅಡ್ಡ ಬಂತು. ನಮ್ಮ ಜವಾನ ಗಂಗಪ್ಪನ ಮಗಳು ದಾನವ್ವನ ಎಪ್ಪತ್ತೆಂಟು ಅಂಕಗಳನ್ನು ಸಂಚಯದಲ್ಲಿಯೂ ಹತ್ತಿಯ ಆರು ಅಂಡಿಗೆಗಳನ್ನು ಮೊತ್ತದಲ್ಲಿಯೂ ಇಟ್ಟ ತಾವು, ಎತ್ತಿಕೊಳ್ಳುವಾಗ ಅದಲುಬದಲು ಮಾಡಿ ಆ ಹುಡುಗಿಗೆ ಆರು ದಯಪಾಲಿಸಿದಿರಿ. ಆ ಆರನ್ನು ಎಷ್ಟು ಅಂದವಾಗಿ ಮುದ್ರಿಸಿದ್ದೀರೆಂದರೆ, ಯಂತ್ರ ತಪ್ಪುವುದುಂಟೇ ಎಂದು ಧಾರವಾಡದ ತರಬೇತಿ ಶಾಲೆಯವರು ಅದನ್ನೇ ನಂಬಿಬಿಟ್ಟರು. ಪ್ರವೇಶಕ್ಕೆ ಸೋಮವಾರವೇ ಕೊನೆಯ ದಿನ.

ಒಂದು ರಿಜಿಸ್ಟರಿಗೆ ಒಂದೇ ಹೆಸರು, ಒಂದೇ ಸ್ಥಳ ಉಳಿಸೋಣವೆಂದು ‘ರಿಜಿಸ್ಟರುಗಳ ಸ್ವಚ್ಛತೆ’ಗೆ ಅನುಮತಿ ಕೇಳಿದೆ. ಎರಡು ಗಜ ಒರೆಸುವ ಬಟ್ಟೆ ಮಂಜೂರಾಗಿ ಬಂತು. ಗಂಗಪ್ಪ ಕಪಾಟಿನಲ್ಲಿದ್ದ ದಪ್ಪ ರಿಜಿಸ್ಟರು ಪುಸ್ತಕಗಳನ್ನೆಲ್ಲ ಇಳಿಸಿ, ಒರೆಸಿ, ನನ್ನ ಮೇಜಿನ ಮುಂದೆ ಬಂದು ನಿಂತ. “ಒಂದೂ ಬಿಡದಂಗ ಒರಿಸೇನ್ರಿ ಬಾಯಾರ. ಇನ್ನರ ನಮ್ಮ ಹುಡುಗಿ ಮಾರ್ಕ ಸರಿ ಆಗ್ತಾವೇನ್ರಿ?” ಎಂದು ಕೇಳಿದ.

ಮತ್ತೊಮ್ಮೆ ವಿವರವಾಗಿ ಬರೆದೆ. ಇಬ್ಬರು ಮಹನೀಯರೂ ಹಿರಿಯರಾದ್ದರಿಂದ ಯಾರ ಶಬ್ದವನ್ನೂ ಕೈಬಿಡಲಾಗದೆಂದೂ, ದಸರೆಯ ನಂತರ ಸಮಿತಿ ಸೇರುವುದೆಂದೂ ಉತ್ತರ ಬಂತು. ಆದಕಾರಣ ದಸರೆ ಮುಗಿಯುವ ತನಕ ಸೋಮವಾರ ಬಾರದಂತೆ ತಾವು ಏರ್ಪಾಟು ಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ಅದು ತಮ್ಮಿಂದಲೂ ಆಗದಿದ್ದರೆ, ಇಂದು ಮಧ್ಯಾಹ್ನ ನಾನು ಮಾಡಿದ್ದನ್ನು ಮನ್ನಿಸಬೇಕು. ಆ ಪಟ್ಟಿಯನ್ನು ತೂತುಗಳಲ್ಲಿ ಕೊರೆದ ಕಾರ್ಡುಗಳಿಂದ ‘ಮೊತ್ತ’ದವನ್ನು ತೆಗೆದುಹಾಕಿ, ಒಂದೇ ಹೆಸರಿನ ಪಟ್ಟಿಯನ್ನು ತಮಗೆ ಉಣಿಸಿ, ಅಂಕಗಳನ್ನು ಇನ್ನೊಮ್ಮೆ ಓಡಿಸಿದೆ. ಎಪ್ಪತ್ತೆಂಟು ಬಂತು. ಆ ಹಾಳೆ ಹಿಡಿದುಕೊಂಡು ಅಪ್ಪ ಮಗಳು ಧಾರವಾಡದ ಬಸ್ಸು ಹತ್ತಿದ್ದಾರೆ. ಅಪ್ಪಣೆಯಿಲ್ಲದೆ ಒಂದು ಹೆಸರನ್ನು ಅಳಿಸಿದ ತಪ್ಪಿಗೆ ವಿಚಾರಣೆಗೆ ಕರೆದರೆ ಬರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಬಾಳವ್ವ, ಎಂ.ಎ.

ತಾ.ಕ.: ತಾವು ಮುದ್ರಿಸಿದಂತೆ ಉಗ್ರಾಣದಲ್ಲಿ ಎಪ್ಪತ್ತೆಂಟು ಅಂಡಿಗೆ ಇರಲೇಬೇಕೆಂದು ಆ ಇಬ್ಬರು ಮಹನೀಯರು ಮೂರು ದಿನದಿಂದ ಅಲ್ಲಿ ಹುಡುಕುತ್ತಿದ್ದಾರಂತೆ. ಅವು ಧಾರವಾಡಕ್ಕೆ ಹೋದವೆಂದು ತಾವೇ ತಿಳಿಸಿದರೆ ಒಳ್ಳೆಯದು. ನಾನು ಹೇಳಿದರೆ ಅದನ್ನೂ ಸಮಿತಿಗೆ ಒಪ್ಪಿಸುತ್ತಾರೆ.