ಕನ್ನಡದಲ್ಲಿ ಯಾರು ಮೋಸ ಮಾಡ್ತಾರೆ?

"ಈ ಮನೆಯ ಹೊಸಿಲು ದಾಟಿ ಒಬ್ಬನೇ ಒಬ್ಬ ಸೈಬರ್ ಕಳ್ಳ ಒಳಗೆ ಬಂದರೆ ನನ್ನ ಹೆಸರು ಶಂಕರನಾರಾಯಣನೇ ಅಲ್ಲ!"

ತಿರುವನಂತಪುರದ ಪಟ್ಟಂನ ಫ್ಲ್ಯಾಟೊಂದರಲ್ಲಿ, ಶನಿವಾರ ಬೆಳಿಗ್ಗೆ, ಬನಿಯನ್ ತೊಟ್ಟು ಮುಂಡು ಉಟ್ಟ ವೀರರೊಬ್ಬರು ಹೀಗೆ ಪ್ರತಿಜ್ಞೆ ಮಾಡಿದರು. ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಪತ್ನಿ ಅನಸೂಯಾ ಗ್ರೈಂಡರ್ ನಿಲ್ಲಿಸಿದರು.

"ಹೆಸರು ಬದಲಿಸುವುದಾದರೆ ಈಗಲೇ ಹೇಳಿ. ಆಧಾರ್, ಪಾನ್, ರೇಶನ್ ಕಾರ್ಡು ಅಂತ ಓಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

ಶಂಕರನಾರಾಯಣರು ಕಾಸರಗೋಡಿನವರು, ಸರಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ ಅಧಿಕಾರಿ. ಕಳೆದ ವಾರ ಕಚೇರಿಯಲ್ಲಿ ಒಂದು ತರಬೇತಿ ನಡೆದಿತ್ತು: ಸಣ್ಣ ವ್ಯಾಪಾರಿಗಳನ್ನು ಆನ್‌ಲೈನ್ ವಂಚಕರಿಂದ ಕಾಪಾಡುವುದು ಹೇಗೆ? ಚಹಾ ಮತ್ತು ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಸಹಿತ. ಅಂದಿನಿಂದ ಅವರಿಗೆ ಗ್ಯಾಸ್ ಬುಕಿಂಗಿನ ಮೆಸೇಜಿನಲ್ಲೂ ಷಡ್ಯಂತ್ರ ಕಾಣುತ್ತಿತ್ತು. ಗುಲಾಬಿ ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಕಳಿಸಿದ ಸ್ವಂತ ಭಾವನಿಗೆ, "ನೀನು ನೀನೇ ಎಂಬುದಕ್ಕೆ ಪುರಾವೆ ಕೊಡು" ಎಂದು ಉತ್ತರಿಸಿದ್ದರು!

ಮನೆಯಲ್ಲಿ ಕಾಪಾಡಲು ತಕ್ಕ ಸಣ್ಣ ವ್ಯಾಪಾರವೆಂದರೆ ಅನಸೂಯಾ ಅವರ ಹೋಳಿಗೆಯೇ. ತಿರುವನಂತಪುರದಿಂದ ಕೊಚ್ಚಿಯವರೆಗೆ, ವರ್ಗವಾಗಿ ಬಂದ ಕನ್ನಡಿಗರ ಮನೆಗಳಲ್ಲಿ ಹಬ್ಬ ಹರಿದಿನ ಬಂತೆಂದರೆ ಅವರ ಫೋನು ಬಡಿದುಕೊಳ್ಳುತ್ತಿತ್ತು. ಗಿರಾಕಿಗಳು, ಆರ್ಡರುಗಳು, ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಒಳ್ಳೆಯ ಹೆಸರು, ಎಲ್ಲವೂ ಆ ಒಂದು ವಾಟ್ಸಾಪ್ ನಂಬರಿನಲ್ಲಿ ನೆಲೆಸಿತ್ತು. ಅಂದು ಕೊಚ್ಚಿಯ ದೊಡ್ಡ ಆರ್ಡರು ಬೇರೆ. ಏಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ದಾವಣಗೆರೆಯ ಓಂಕಾರಪ್ಪನವರ ಮೊಮ್ಮಗುವಿನ ನಾಮಕರಣ.

"ನಿನ್ನ ಕೈ ತುಂಬ ಹಿಟ್ಟು. ಇವತ್ತು ಫೋನು ನನ್ನ ವಶದಲ್ಲಿರಲಿ," ಎಂದರು ಶಂಕರನಾರಾಯಣರು. "ಇಂಗ್ಲಿಷಿನಲ್ಲಿ ಬಂದರೆ ಅನುಮಾನ. ಹಿಂದಿಯಲ್ಲಿ ಬಂದರೆ ಖಂಡಿತ ಅನುಮಾನ. ಮಲಯಾಳದಲ್ಲಿ ಬಂದರೆ ವಿಚಾರಣೆ!"

"ಕನ್ನಡದಲ್ಲಿ ಬಂದರೆ?"

"ಕನ್ನಡದಲ್ಲಿ ಯಾರು ಮೋಸ ಮಾಡ್ತಾರೆ ಮಾರಾಯ್ತಿ? ಈ ಊರಲ್ಲಿ ಅದಕ್ಕೆ ಮಾರ್ಕೆಟ್ಟೇ ಇಲ್ಲ!"

ಅನಸೂಯಾ ಏನೋ ಹೇಳಹೊರಟರು. ಆದರೆ ಕಾವಲಿ ಕಾದಿತ್ತು. ಒಳಗೆ ಹೋದರು.

ಮೊದಲ ಕರೆ ಬಂತು. ಹುಡುಗಿಯ ದನಿ, ಮಲಯಾಳ! ತಾನು ಓಂಕಾರಪ್ಪನವರ ಮಗಳು ನೇಹಾ, ನಾಳೆ ಬೆಳಿಗ್ಗೆ ಪರಿಚಯದವರೊಬ್ಬರು ಟ್ರೈನಿನಲ್ಲಿ ಕೊಚ್ಚಿಗೆ ಬರುತ್ತಾರೆ, ಅವರು ಮನೆಗೇ ಬಂದು ಹೋಳಿಗೆ ಒಯ್ಯುತ್ತಾರೆ, ಲೊಕೇಶನ್ ಕಳಿಸಬಹುದೇ ಎಂದು ಕೇಳಿದಳು.

ಶಂಕರನಾರಾಯಣರ ಕಿವಿ ನೆಟ್ಟಗಾಯಿತು. ಮನೆಯ ವಿಳಾಸ ಕೇಳುತ್ತಿದ್ದಾಳೆ!

"ಓಂಕಾರಪ್ಪನವರ ಮಗಳಾದರೆ ಕನ್ನಡದಲ್ಲಿ ಮಾತಾಡು ನೋಡುವ."

"ಅಯ್ಯೋ ಅಂಕಲ್, ಕೇಟ್ಟಾಲ್ ಮನಸ್ಸಿಲಾಗುಂ, ಪರಯಾನ್ ಅರಿಯಿಲ್ಲ," ಎಂದಳು ಹುಡುಗಿ. ಕೇಳಿದರೆ ಅರ್ಥವಾಗುತ್ತದಂತೆ, ಆಡಲು ಬಾರದಂತೆ!

"ನಿನ್ನ ಅಪ್ಪನ ಊರಿನ ಬಸ್ ಸ್ಟ್ಯಾಂಡಿನ ಎದುರು ಎಂತ ಉಂಟು? ನಿನ್ನ ಅಜ್ಜಿಯ ಅಪ್ಪನ ಹೆಸರೇನು?" ಎಂದು ಶಂಕರನಾರಾಯಣರು ಕೋರ್ಟಿನ ಪಾಟೀಸವಾಲು ಶುರು ಮಾಡಿದರು. ಹುಡುಗಿ ತಡವರಿಸಿದಳು. "ಸಿಕ್ಕಿಬಿದ್ದೆಯಾ? ಪೊಲೀಸರಿಗೆ ಹಿಡಿದು ಕೊಡ್ತೇನೆ, ಜಾಗ್ರತೆ!" ಎಂದು ಗುಡುಗಿ, ಕರೆ ಕತ್ತರಿಸಿ, ನಂಬರನ್ನು ಬ್ಲಾಕ್ ಮಾಡಿ, ಮೀಸೆ ಸವರಿಕೊಂಡರು. ಮೊದಲ ವಿಕೆಟ್ ಬಿದ್ದಿತ್ತು.

ಸ್ವಲ್ಪ ಹೊತ್ತಿಗೆ ಎರಡನೆಯ ಕರೆ.

"ನಮಸ್ಕಾರ ಸಾರ್, ಚೆನ್ನಾಗಿದ್ದೀರಾ? ಅನಸೂಯಮ್ಮನವರ ಮನೆಯವರಾ? ನಾನು ಶ್ರೀಪತಿ ಅಂತ. ಕೇರಳದಲ್ಲಿರೋ ನಮ್ಮ ಕನ್ನಡದ ಹೆಣ್ಣುಮಕ್ಕಳ ಗೃಹೋದ್ಯಮಗಳನ್ನೆಲ್ಲ ಒಂದು ಬಳಗಕ್ಕೆ ಸೇರಿಸ್ತಾ ಇದ್ದೀವಿ."

ಅಬ್ಬಾ, ಎಂಥ ಕನ್ನಡ! ದಿನವಿಡೀ ಕಚೇರಿಯಲ್ಲಿ ಮಲಯಾಳ, ಫೈಲಿನಲ್ಲಿ ಇಂಗ್ಲಿಷ್, ಮನೆಗೆ ಬಂದರೆ ಮಗಳು ಪಾವನಾ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ. ಅಂಥ ಮನುಷ್ಯನ ಕಿವಿಗೆ ಯಾರೋ ಜೇನು ಸುರಿದ ಹಾಗಾಯಿತು. ಶಂಕರನಾರಾಯಣರು ಕುರ್ಚಿ ಎಳೆದು ಕೂತರು. ಸೆಕೆಯ ಬಗ್ಗೆ ಮಾತಾಯಿತು, ಮಕ್ಕಳು ಕನ್ನಡ ಕಲಿಯದಿರುವ ಬಗ್ಗೆ ಇಬ್ಬರೂ ಸೇರಿ ನಿಟ್ಟುಸಿರು ಬಿಟ್ಟದ್ದಾಯಿತು. ಶ್ರೀಪತಿಯಂತೂ ಎರಡು ಸಲ ಬಿಟ್ಟ.

"ಸಾರ್, ಈಗ ಒಂದು ಗುಪ್ತಸಂಖ್ಯೆ ಬಂದಿರುತ್ತೆ. ಸ್ವಲ್ಪ ಓದಿಬಿಡ್ತೀರಾ?"

ಬಂದಿತ್ತು. ಅದರ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಎಂದೂ ಬರೆದಿತ್ತು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಇಂಗ್ಲಿಷಿನಲ್ಲಿ ಬಂದದ್ದನ್ನು ನಂಬಬಾರದೆಂಬುದು ಅವರದೇ ನಿಯಮ! ಆ ಸಂಖ್ಯೆಯನ್ನು ಅವರು ಒಂದೇ ಒಂದು ಇಂಗ್ಲಿಷ್ ಅಂಕಿ ಬೆರೆಸದೆ, ಅಚ್ಚಗನ್ನಡದಲ್ಲಿ, ಒಂದೊಂದಾಗಿ ಓದಿ ಹೇಳಿದರು.

"ನಿಮ್ಮಂಥೋರು ಇರೋದ್ರಿಂದಲೇ ಸಾರ್ ಕನ್ನಡ ಉಳಿದಿರೋದು! ಇನ್ನು ಆ ಪಿನ್ ಒಂದು ಹೇಳಿಬಿಡಿ."

ಪಿನ್ ಶಂಕರನಾರಾಯಣರಿಗೆ ಗೊತ್ತಿರಲಿಲ್ಲ. "ಅನೂ, ನಿನ್ನ ವಾಟ್ಸಾಪಿನ ಪಿನ್ ಎಷ್ಟು?" ಎಂದು ಒಳಗೆ ಕೂಗಿದರು.

ಲಟ್ಟಣಿಗೆ ಹಿಡಿದುಕೊಂಡೇ ಅನಸೂಯಾ ಹೊರಗೆ ಬಂದರು. ಫೋನು ಕಸಿದುಕೊಂಡು ನೋಡಿದರು. ವಾಟ್ಸಾಪು ಆಗಲೇ ಅವರನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿತ್ತು! ಅವರ ಮುಖ ಬಿಳುಚಿತು. ಯಾವನೋ ತನ್ನ ಹೆಸರು ಹೇಳಿಕೊಂಡು ತನ್ನ ಗಿರಾಕಿಗಳನ್ನೆಲ್ಲ ದೋಚಿದರೆ, ನಾಳೆ ಯಾವ ಮುಖ ಹೊತ್ತು ಅವರ ಮನೆಗೆ ಹೋಳಿಗೆ ಕಳಿಸುವುದು?

"ಒಟಿಪಿ ಹೇಳಿದಿರಾ?"

"ಛೆ, ಒಟಿಪಿ ಕೇಳಿದ್ದರೆ ನಾನು ಬಿಡ್ತಿದ್ದೆನಾ? ಅವ ಕೇಳಿದ್ದು ಗುಪ್ತಸಂಖ್ಯೆ."

"ಎರಡೂ ಒಂದೇ ಅಲ್ವಾ ಮಾರಾಯ್ರೆ!"

ಅತ್ತ ಶ್ರೀಪತಿ ಅಪ್ಪಟ ಕನ್ನಡದಲ್ಲಿ, "ಪಿನ್ ಸಾರ್, ಪಿನ್," ಎನ್ನುತ್ತಲೇ ಇದ್ದ. ಅನಸೂಯಾ ಕರೆ ಕತ್ತರಿಸಿದರು. ಹಿಟ್ಟಿನ ಬೆರಳಿನಲ್ಲೇ ಹೊಸ ಒಟಿಪಿ ತರಿಸಿ, ತಮ್ಮ ಪಿನ್ ಒತ್ತಿ, ನಂಬರನ್ನು ಮರಳಿ ಪಡೆದರು. ಗಿರಾಕಿಗಳೆಲ್ಲ ಕೂತಲ್ಲೇ ಕೂತಿದ್ದರು. ಪಿನ್ ಇಲ್ಲದೆ ಕಳ್ಳನಿಗೆ ಒಳಗೆ ಕಾಲಿಡಲಾಗಿರಲಿಲ್ಲ.

ಶಂಕರನಾರಾಯಣರಿಗೆ ಹೋದ ಜೀವ ಬಂತು. ಜೀವದ ಜೊತೆ ಸ್ವಲ್ಪ ಜಂಬವೂ ಬಂತು.

"ಏನೇ ಹೇಳು, ಪಿನ್ ಹಾಕಿಟ್ಟದ್ದು ಒಳ್ಳೆಯದಾಯಿತು. ಆದರೆ ನನಗೆ ಯಾಕೆ ಹೇಳಿರಲಿಲ್ಲ?"

"ಇದಕ್ಕೇ!"

ಅಷ್ಟರಲ್ಲಿ ಅನಸೂಯಾ ಅವರಿಗೆ ಕೊಚ್ಚಿಯ ನೆನಪಾಯಿತು. "ಆ ನೇಹಾ ಫೋನು ಮಾಡ್ತೇನೆ ಅಂದಿದ್ದಳು. ಮಾಡಿದಳಾ?"

ಶಂಕರನಾರಾಯಣರು ಫ್ಯಾನು ನೋಡಿದರು, ನೆಲ ನೋಡಿದರು. ವಿಷಯ ಹೊರಬಂತು.

"ಮಲಯಾಳ ಮಾತಾಡಿದ್ದಕ್ಕೆ ಬ್ಲಾಕಾ? ಹಾಗಾದರೆ ನಮ್ಮ ಪಾವನಾಳನ್ನೂ ಬ್ಲಾಕ್ ಮಾಡಿ, ಮಧ್ಯಾಹ್ನಕ್ಕೆ ಅಷ್ಟು ಅಕ್ಕಿ ಉಳೀತದೆ!"

ಅನಸೂಯಾ ಕೂಡಲೇ ಓಂಕಾರಪ್ಪನವರಿಗೆ ಫೋನು ಮಾಡಿದರು. ಅವರ ದನಿ ಕೇಳಿದ್ದೇ ತಡ, ಆ ಕಡೆಯಿಂದ ದೊಡ್ಡ ನಿಟ್ಟುಸಿರು.

"ಅಕ್ಕಾರ, ನೀವೇನ್ರೀ? ಸದ್ಯ! ನಿಮ್ ನಂಬರ್‍ನಾಗೆ ಯಾವನೋ ಕಳ್ಳ ಕುಂತಾನ್ರಿ. ನಮ್ ಹುಡುಗಿಗೆ ಪೊಲೀಸ್ ಗಿಲೀಸ್ ಅಂತ ಹೆದರ್ಸ್ಯಾನ, ಮುತ್ತಜ್ಜನ ಹೆಸರು ಬೇರೆ ಕೇಳ್ಯಾನ! ಬ್ಯಾಂಕಿನೋರು ಕೇಳೋ ಗುಟ್ಟಿನ ಪ್ರಶ್ನೆ ಇರ್ತಾವಲ್ರಿ, ಅದಕ್ಕ ಇರ್ಬೇಕು. ಆರ್ಡರ್ ಬ್ಯಾಡ ಅನ್ನೋದ್ರಾಗಿದ್ದೆ ನೋಡ್ರಿ."

ಆರ್ಡರು ಉಳಿಯಿತು. ಹೋಳಿಗೆಗೂ ನಾಮಕರಣಕ್ಕೂ ಏನೂ ತೊಂದರೆಯಾಗಲಿಲ್ಲ. ಶಂಕರನಾರಾಯಣರು ನೇಹಾಳಿಗೆ ಕರೆ ಮಾಡಿ, ಮಲಯಾಳದಲ್ಲೇ, ವ್ಯಾಕರಣಶುದ್ಧವಾಗಿ ಕ್ಷಮೆ ಕೇಳಿದರು. ಹುಡುಗಿ ಕಿಲಕಿಲ ನಕ್ಕಳು.

ಎಲ್ಲ ಸುಖಾಂತವಾಯಿತೆಂದು ಅವರು ಕಾಫಿ ಲೋಟ ಎತ್ತಿಕೊಂಡರು. ಆಗ ಅವರ ಸ್ವಂತ ಫೋನು ಸದ್ದು ಮಾಡಿತು. ಕೇರಳದ ಕನ್ನಡಿಗರ ಗುಂಪಿನಲ್ಲಿ ಓಂಕಾರಪ್ಪನವರು ಆಗಲೇ ಹಾಕಿದ್ದ ಸಂದೇಶ ಊರೆಲ್ಲ ಸುತ್ತಿ ಬಂದಿತ್ತು:

"ಎಚ್ಚರಿಕೆ! ಅನಸೂಯಾ ಅವರ ಹೋಳಿಗೆ ನಂಬರಿನಲ್ಲಿ ಗಂಡಸಿನ ದನಿ ಕೇಳಿದರೆ ಕೂಡಲೇ ಕರೆ ಕಡಿಯಿರಿ. ವಂಚಕನಿಗೆ ಕನ್ನಡ ಬರುತ್ತದೆ. ಕಾಸರಗೋಡಿನ ಕಡೆಯವನಂತೆ ನಟಿಸುತ್ತಾನೆ."

"ಅನೂ, ಓಂಕಾರಪ್ಪನಿಗೆ ಇದನ್ನೊಮ್ಮೆ ಅಳಿಸ್ಲಿಕ್ಕೆ ಹೇಳು ಮಾರಾಯ್ತಿ! ಮಾನ ಹೋಗ್ತದೆ!"

ಅನಸೂಯಾ ಸಂದೇಶವನ್ನು ನಿಧಾನವಾಗಿ, ಪೂರ್ತಿ ಓದಿದರು. ಕಾವಲಿಯ ಮೇಲೆ ಇನ್ನೊಂದು ಹೋಳಿಗೆ ಹಾಕಿದರು.

"ಯಾಕೆ ಅಳಿಸುವುದು? ನನ್ನ ವ್ಯಾಪಾರ ಇವತ್ತಿಗೆ ಸುರಕ್ಷಿತವಾಯಿತು."