ಕಬ್ಬಿನ ಗಾಡಿ ದಾರಿಯ ದಿಣ್ಣೆ

ಹುಲ್ಲಹಳ್ಳಿಯ ಅಮೃತೇಶನ ಹೆಂಡತಿ ಪವಿತ್ರ ತವರಿಗೆ ಹೋಗಿ ಕೂತದ್ದು ಒಂದು ದಿಣ್ಣೆಯ ದೆಸೆಯಿಂದ. ಬನ್ನೂರಿನ ನಾಲೆ ಪಕ್ಕ ಕಬ್ಬಿನ ಗಾಡಿಗಳು ಓಡಾಡಿ, ಎರಡು ಜಾಡಿನ ನಡುವೆ ಮಣ್ಣು ಉಬ್ಬಿತ್ತು. ಅದರ ಮೇಲೆ ಅವನ ಹಳೆ ಜೀಪು ಕಾವಿಗೆ ಕೂತ ಕೋಳಿಯಂತೆ ಹೊಟ್ಟೆ ಊರಿ ಕೂತುಬಿಟ್ಟಿತು. ಕಬ್ಬು ಕಡಿಯುವವರು ನಕ್ಕರು.

"ಇದು ಎತ್ರ ಆಗೋಗಂಟ ನಾನು ಅತ್ತಕಿಲ್ಲ" ಎಂದು ಅವಳು ಇಳಿದು ಬನ್ನೂರಿನ ತವರಿಗೆ ನಡೆದಳು.

ಅಂದಿನಿಂದ ಅಮೃತೇಶನ ಕನಸಿನಲ್ಲಿ ಜೀಪು ಕೊಕ್ಕರೆಯ ಹಾಗೆ ಉದ್ದ ಕಾಲಿನ ಮೇಲೆ ಗದ್ದೆ ದಾಟುತ್ತಿತ್ತು. ಪಕ್ಕದಲ್ಲಿ ಪವಿತ್ರ ಮಲ್ಲಿಗೆ ಮುಡಿದು ಕೂತಿರುತ್ತಿದ್ದಳು.

ಆ ಗುರುವಾರ ಮೆಕ್ಯಾನಿಕ್ ಮಾದು ಸ್ಪ್ರಿಂಗಿಗೆ ಹೊಸ ಪಟ್ಟಿ ಸೇರಿಸಿ ಜೀಪನ್ನು ಎತ್ತರಿಸಿ ನಿಲ್ಲಿಸಿದ. "ಅಣ್ಣ, ಈಗ ಹಿಂದಿನ ಚಕ್ರ ತಿರುಗ್ಸೋ ಶಾಫ್ಟು ಗಿಡ್ಡ ಆಯ್ತು. ಅಪ್ಪ ಮಗನ ಪಂಚೆ ಉಟ್ಟಂಗೆ. ಮೈಸೂರ್ಗೆ ಕಳ್ಸಿ ಉದ್ದ ಮಾಡ್ಸ್ಬೇಕು. ಶನಿವಾರ ಬನ್ನಿ."

ಪಕ್ಕದ ಮನೆ ಪುಟ್ಟಬಸಮ್ಮ ಬೀದಿಯಿಂದಲೇ ಬಾಯಿ ಹಾಕಿದಳು. "ನಾಳೆ ಸುಕ್ರವಾರ, ಎಣ್ಮಕ್ಕಳ ಕಳ್ಸಲ್ಲ. ಶನಿವಾರ ಅಮಾಸೆ. ಇವತ್ತೇ ಓಗಿ ಕರ್ಕಂಡ್ ಬಾರಪ್ಪ."

ಟೀ ಅಂಗಡಿ ಮಾರಯ್ಯ ಬಗ್ಗಿ ನೋಡಿದ. ಜೀಪಿನಲ್ಲಿ ಅವನಿಗೆ ಗೊತ್ತಿದ್ದದ್ದು ಹಾರನ್ ಒಂದೇ. "ನೆಲಕ್ಕೆ ತಾಕ್ತಿದ್ದುದು ಒಟ್ಟೆ ಕಣಪ್ಪ, ಶಾಫ್ಟಲ್ಲ. ಅದನ್ಯಾಕೆ ಮುಟ್ಟೀಯ?"

"ಟಾರ್ ರೋಡಲ್ಲಿ ಇಡ್ಕಂಡಿರ್ತದೆ. ಅಳ್ಳ ದಿಣ್ಣೆಗೆ ಇಳ್ಸಿದ್ರೆ ನನ್ನ ಕೇಳ್ಬೇಡಿ" ಎಂದು ಮಾದು ಕೈ ಒರೆಸಿಕೊಂಡ.

ಅಮೃತೇಶ ಎಸ್‌ಟಿಡಿ ಬೂತಿನಿಂದ ಮಾವ ಗುರುಮಲ್ಲಪ್ಪನಿಗೆ ಫೋನ್ ಮಾಡಿ, ಟಾರು ರಸ್ತೆಯಲ್ಲೇ ಹೊರಟ. ಬೇಲಿಗಳ ಆಚೆ ಹಸಿರು ಭತ್ತ ತೂಗುತ್ತಿತ್ತು. ಜಗತ್ತಿನ ಜಗಳಗಳೆಲ್ಲ ಕೆಳಗೇ ಉಳಿದಂತಿತ್ತು.

ತವರಿನ ಬಾಗಿಲಲ್ಲಿ ಪವಿತ್ರ ಒರಳುಕಲ್ಲಿನ ಮೇಲೆ ನಿಂತು ಜೀಪು ಹತ್ತಿದಳು. ಮಲ್ಲಿಗೆ ಮುಡಿದಿದ್ದಳು. "ಮ್ಯಾಲೆ ಕೂತ್ರೆ ಚೆನ್ನಾಗದೆ ಕಣ್ರೀ" ಎಂದು ನಕ್ಕಳು.

ಬುದ್ಧಿಯಿದ್ದವನಾದರೆ ಬಂದ ದಾರಿ ಹಿಡಿಯುತ್ತಿದ್ದ. ಇವನು ನಾಲೆ ದಾರಿಗೆ ತಿರುಗಿಸಿದ.

ದಿಣ್ಣೆ ಬಂತು. ಹೊಟ್ಟೆ ತಾಕಲೇ ಇಲ್ಲ. "ನೋಡ್ದಾ?" ಎಂದ. ಅಷ್ಟರಲ್ಲಿ ಹಿಂದಿನ ಚಕ್ರ ಹಳ್ಳಕ್ಕಿಳಿದು, ಕೆಳಗೆ ಠಣ್ ಎಂದಿತು. ಇಂಜಿನ್ನು ಅರಚುತ್ತಿತ್ತು, ಜೀಪು ನಿಂತಿತ್ತು.

"ಸಿಕ್ಕಾಕ್ಕಂಡಿಲ್ಲ ಕಣೆ, ಶಾಫ್ಟು ಕಳಚ್ಕಂಡದೆ ಅಷ್ಟೆ."

ಅಷ್ಟೆತ್ತರದಿಂದ ಹಾರುವ ಮುನ್ನ ಪವಿತ್ರ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹಾರಿದಳು.

ಕಬ್ಬಿನವರು ಹೇಳಿ ಕಳಿಸಿದರು. ಗುರುಮಲ್ಲಪ್ಪ ಎತ್ತಿನ ಗಾಡಿ ತಂದ. ಎಲ್ಲರೂ ಸೇರಿ ಜೀಪು ತಿರುಗಿಸಿ ಗಾಡಿಯ ಹಿಂದಕ್ಕೆ ಹಗ್ಗ ಬಿಗಿದರು. "ಸ್ಟೇರಿಂಗ್ ಇಡ್ಕಳಿ ಅಳಿಯಂದ್ರೆ" ಎಂದು ಮಾವ ಎತ್ತು ಹೊಡೆದ. ಪವಿತ್ರ ಅಪ್ಪನ ಪಕ್ಕ, ಬನ್ನೂರಿಗೆ ಮುಖಮಾಡಿ ಕೂತಳು.

ದಿಣ್ಣೆ ಬಂತು. ಜೀಪು ಎಲ್ಲೂ ತಾಕದೆ, ಸದ್ದಿಲ್ಲದೆ, ಕೊಕ್ಕರೆಯ ಹಾಗೆ ದಾಟಿತು. ಥೇಟ್ ಕನಸಿನಲ್ಲಿದ್ದಂತೆ. ಅಷ್ಟೆತ್ತರದಲ್ಲಿ ಕೂತ ಅಮೃತೇಶನಿಗೆ, ಹೆಂಡತಿ ಮಲ್ಲಿಗೆ ಮುಡಿದು ತವರಿಗೆ ಹೋಗುವುದು ಬಹಳ ಚೆನ್ನಾಗಿ ಕಾಣುತ್ತಿತ್ತು.