ನಾನು ಕೇಳದೇ ಬಿಟ್ಟ ಮೂರನೇ ಅಕ್ಷರ

ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಇಡೀ ಕಾಲೇಜಿಗೆ ಎರಡನೆಯವಳಾಗಿ ಪಾಸಾದ ದಿನವೇ ನಾನು ಮ್ಯಾನೇಜರ್ ಆಗಿಬಿಟ್ಟಿದ್ದೆ. ಎಲ್ಲಿಯ ಮ್ಯಾನೇಜರ್, ಯಾವುದರ ಮ್ಯಾನೇಜರ್ ಎಂಬುದಷ್ಟೇ ಬಾಕಿ! ಹುಬ್ಬಳ್ಳಿಯ ಒಂದು ದೊಡ್ಡ ಕಾಲೇಜಿನ ಬಿಬಿಎಗೆ ಅರ್ಜಿ ಹಾಕಿದೆ. ಅರ್ಜಿಯ ಕೊನೆಯಲ್ಲಿ, "ಈ ಕೋರ್ಸಿನಲ್ಲಿ ಸೀಟು ಸಿಗದಿದ್ದರೆ ಬೇರೆ ಯಾವ ವಿಷಯ ಓದಲು ಬಯಸುವಿರಿ?" ಎಂಬ ಪ್ರಶ್ನೆಯಿತ್ತು. ಎಂಥ ಅಪಶಕುನದ ಪ್ರಶ್ನೆ! ಅದರ ಮುಂದೆ ಅಳತೆಪಟ್ಟಿ ಇಟ್ಟು ನೇರವಾಗಿ ಒಂದು ಗೆರೆ ಎಳೆದೆ.

ಇಳಕಲ್‌ನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಜೋಳದ ಡಬ್ಬಿ ಹಿಡಿದು ಬಂದವರಿಗೆಲ್ಲ ಅಪ್ಪ ಹಿಟ್ಟಿನ ಜೊತೆಗೆ ಈ ಸುದ್ದಿಯನ್ನೂ ತುಂಬಿ ಕಳಿಸತೊಡಗಿದರು. "ನಮ್ಮ ಶಶಿ ಮ್ಯಾನೇಜರ್ ಆಗ್ತಾಳ್ರಿ. ಮುಂದಿನ ತಿಂಗಳ ಹುಬ್ಬಳ್ಳಿಗೆ ಹೋಗ್ತಾಳ." ಗಿರಣಿಗೆ ಬಾರದ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲ. ಹಾಗಾಗಿ ಸುದ್ದಿ ತಲುಪದ ಮನೆಯೂ ಇರಲಿಲ್ಲ.

ಸಂದರ್ಶನದಲ್ಲಿ ಕೋಟು ಹಾಕಿದ ಮೂವರು ಕುಳಿತಿದ್ದರು. ನಡುವಿನವರು ಕೇಳಿದರು: "ನಿಮ್ಮ ತಂದೆಯ ಗಿರಣಿಗೆ ಗ್ರಾಹಕರನ್ನು ಹೆಚ್ಚಿಸಲು ಏನು ಮಾಡುತ್ತೀರಿ?"

ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ಎದುರಿಗಿನ ಗಿರಣಿ ಮುಚ್ಚಿಸ್ತೇನಿ ಸರ್!"

ಮೂವರೂ ನಕ್ಕರು. ಮೆಚ್ಚಿದರು ಎಂದುಕೊಂಡೆ. ಹದಿನೈದು ದಿನಗಳ ನಂತರ ಮೊಬೈಲಿಗೆ ಸಂದೇಶ ಬಂತು: "ನಿಮ್ಮ ಆಸಕ್ತಿಗೆ ಧನ್ಯವಾದಗಳು. ವಿಷಾದಿಸುತ್ತೇವೆ." ಎಂಥ ಮರ್ಯಾದೆಯಿಂದ ಹೊರಗೆ ಹಾಕುತ್ತಾರೆ ನೋಡಿ!

ಗಿರಣಿಗೆ ಹೋಗಿ ಮೊಬೈಲನ್ನು ಅಪ್ಪನ ಮುಂದೆ ಹಿಡಿದೆ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಎರಡೆರಡು ಸಲ ಓದಿದರು. ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದಿದ್ದರೇ ಚೆನ್ನಾಗಿತ್ತು.

"ಹೋಗ್ಲಿ ಬಿಡವಾ. ಜಗತ್ತಿನ್ಯಾಗ ಅದೊಂದ ಕಾಲೇಜ ಐತೇನು?" ಎಂದರು. ಆದರೆ ಅಂದು ಜೋಳ ತಂದ ಯಾರಿಗೂ ಅಪ್ಪ ಸುದ್ದಿ ಹೇಳಲಿಲ್ಲ. ಸುಮ್ಮನೆ ಬೀಸಿ ಕೊಟ್ಟು ಕಳಿಸಿದರು. ನನಗೆ ಅಳು ಬಂದದ್ದು ಆಗ.

ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಮರುದಿನವೇ ಪ್ರವೇಶದ ಕೊನೆಯ ದಿನ ಎಂದು ಗೊತ್ತಾಯಿತು. ಬೆಳಗಿನ ಬಸ್ಸು ಹಿಡಿದು ಒಬ್ಬಳೇ ಹೊರಟೆ. ಹುನಗುಂದ ದಾಟುವಾಗ ಬಿಬಿಎ ಇಲ್ಲದಿದ್ದರೆ ಬಿಕಾಂ ಎಂದು ತೀರ್ಮಾನಿಸಿದೆ. ಕಮತಗಿ ಬರುವ ಹೊತ್ತಿಗೆ ಬಿಕಾಂ ಓದಿ ಬ್ಯಾಂಕಿನ ಮ್ಯಾನೇಜರ್ ಆಗಿದ್ದೆ. ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಬಿಕಾಂ ಭರ್ತಿಯಾಗಿತ್ತು!

"ಬಿಎ ಅಷ್ಟ ಉಳದೈತಿ," ಎಂದರು ಒಳಗಿದ್ದ ಕ್ಲರ್ಕು. "ಅದರಾಗೂ ಎಚ್ ಇ ಎಂ ಒಂದ. ತಗೋತಿಯೇನು? ಹಿಂದ ಮಂದಿ ನಿಂತಾರ."

"ಹಂಗಂದ್ರ ಏನ್ರಿ?"

"ಎಚ್ ಅಂದ್ರ ಹಿಸ್ಟರಿ. ಇ ಅಂದ್ರ ಇಕನಾಮಿಕ್ಸು. ಎಂ ಅಂದ್ರ..." ಅಷ್ಟರಲ್ಲಿ ಅವರ ಫೋನು ರಿಂಗಾಯಿತು.

"ಗೊತ್ತಾತ್ರಿ!" ಎಂದೆ. ಎಂ ಅಂದರೆ ಮ್ಯಾನೇಜ್‌ಮೆಂಟ್ ಅಲ್ಲದೆ ಇನ್ನೇನು? ಮುಂದಿನ ಬಾಗಿಲಿನಿಂದ ನೂಕಿದ ಮ್ಯಾನೇಜ್‌ಮೆಂಟು ಹಿತ್ತಿಲ ಬಾಗಿಲಿನಿಂದ ತಾನಾಗಿ ಬಂದಿದೆ! ಸಹಿ ಮಾಡಿ ಕೊಟ್ಟು ಅಪ್ಪನಿಗೆ ಫೋನ್ ಮಾಡಿದೆ. ಸಂಜೆ ಗಿರಣಿಯಲ್ಲಿ ಸುದ್ದಿ ಮತ್ತೆ ಚಾಲೂ ಆಯಿತು.

ಎರಡು ವಾರ ಇತಿಹಾಸ, ಅರ್ಥಶಾಸ್ತ್ರದ ಪಾಠಗಳೇ ನಡೆದವು. ಮೂರನೇ ವಾರ ಎಂ ತರಗತಿ ಶುರು. ಕೋಣೆಯ ಹೊರಗೆ ಚಪ್ಪಲಿಗಳ ಸಾಲು. ಒಳಗೆ ಬೆಂಚಿಲ್ಲ, ಜಮಖಾನೆ. ಭಾರತೀಯ ಪದ್ಧತಿಯ ಮ್ಯಾನೇಜ್‌ಮೆಂಟ್ ಇರಬೇಕೆಂದು ಚಕ್ಕಳಮಕ್ಕಳ ಹಾಕಿ ಕುಳಿತೆ. ಹಣ್ಣಾದ ಗಡ್ಡದ ಇಮಾಮಸಾಹೇಬ ಮಾಸ್ತರು ಹಾರ್ಮೋನಿಯಂ ಎಳೆದುಕೊಂಡು ಬಂದು ಕುಳಿತರು. ಪ್ರಾರ್ಥನೆಗೆ ಇರಬಹುದು!

ಮಾಸ್ತರು ನನ್ನತ್ತ ತಿರುಗಿ, "ಸಾ ಹಚ್ಚವಾ," ಎಂದರು.

ನಮ್ಮ ಕಡೆ ಹಚ್ಚುವುದು ದೀಪವನ್ನು, ಇಲ್ಲವೇ ಫ್ಯಾನನ್ನು. ಎದ್ದು ಹೋಗಿ ಫ್ಯಾನ್ ಹಚ್ಚಿ ಬಂದೆ.

ತರಗತಿ ಗೊಳ್ಳೆಂದಿತು. "ಫ್ಯಾನ್ ಅಲ್ಲವಾ," ಎಂದರು ಮಾಸ್ತರು ಮೃದುವಾಗಿ. "ಸಾ. ಸರಿಗಮದ ಸಾ."

ಎಂ ಅಂದರೆ ಮ್ಯೂಸಿಕ್!

ಬಾಯಿ ತೆರೆದೆ. ಒಳಗಿನಿಂದ ಬಂದದ್ದಕ್ಕೆ ಸಾ ಎಂದು ಹೆಸರಿಡಲು ಯಾರೂ ಮುಂದಾಗಲಿಲ್ಲ. ಮಾಸ್ತರು ಹಾರ್ಮೋನಿಯಂನ ಆ ಕಡೆಯಿಂದ ಈ ಕಡೆಯವರೆಗೆ ಬೆರಳಾಡಿಸಿ ನನ್ನ ಸ್ವರವನ್ನು ಹುಡುಕಿದರು. ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ತರಗತಿ ಮುಗಿದದ್ದೇ ಕ್ಲರ್ಕಿನ ಕಿಟಕಿಗೆ ಓಡಿದೆ. ವಿಷಯ ಬದಲಿಸುವ ಅವಧಿ ಮುಗಿದಿದೆ, ಬೇಕಾದರೆ ಮಾಸ್ತರ ಒಪ್ಪಿಗೆಪತ್ರ ತಂದು ಪ್ರಾಚಾರ್ಯರನ್ನು ಕೇಳು ಎಂದರು. ಮಾಸ್ತರ ಬಳಿ ಬಂದೆ.

"ಬರದ ಕೊಡ್ತೇನವಾ," ಎಂದು ಅವರು ಪೆನ್ನು ತೆಗೆದರು. ಆದರೆ ಬರೆಯಲಿಲ್ಲ. "ಹತ್ತ ಮಂದಿ ಇದ್ರ ಸಂಗೀತ ಕ್ಲಾಸ್ ನಡೀತೈತಿ. ನೀ ಹತ್ತನೇದಾಕಿ. ನೀ ಹ್ವಾದ್ರ ಬಂದ್ ಮಾಡ್ತಾರ. ಆದ್ರ ನಿಂಗ ಒಲ್ಲದ್ದು ಕಲೀ ಅಂತ ಹೆಂಗ ಹೇಳ್ಲಿ?"

ಬಾಗಿಲಲ್ಲಿ ಹುನಗುಂದದ ಗೀತಾ ನಿಂತಿದ್ದಳು. ತರಗತಿಯಲ್ಲಿ ನಿಜವಾಗಿ ಹಾಡುವವಳು ಅವಳೊಬ್ಬಳೇ. ಅವಳ ಕಣ್ಣು ತುಂಬಿತ್ತು. "ಇದನ್ನ ಕಲೀಲಿಕ್ಕೆ ಮನ್ಯಾಗ ಎರಡ ವರ್ಷ ಜಗಳಾಡೇನಿ ಶಶಿ," ಎಂದಳಷ್ಟೇ.

ಮಾಸ್ತರ ಕೈಯಿಂದ ಪೆನ್ನು ತೆಗೆದುಕೊಂಡು ಅವರ ಜೇಬಿಗೆ ಸಿಕ್ಕಿಸಿದೆ. ನನ್ನ ಜೀವನದ ಮೊದಲ ಮಹಾತ್ಯಾಗ! ಅದರ ಪರಿಣಾಮವನ್ನು ಮಾತ್ರ ಬೇರೆಯವರು ಕೇಳಬೇಕಾಯಿತು.

ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ದಿನಾ ಇಳಕಲ್‌ನಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ; ಮನೆಯಲ್ಲಿ ಅಭ್ಯಾಸಕ್ಕೋ ಜಾಗವಿಲ್ಲ. ಆಗ ಹೊಳೆದದ್ದು ಗಿರಣಿಯ ಹಿಂದಿನ ಚೀಲದ ಕೋಣೆ. ಯಂತ್ರ ತಿರುಗುವಾಗ ಅಲ್ಲಿ ಬಾಂಬು ಬಿದ್ದರೂ ಕೇಳದು. ದಿನಾ ಸಂಜೆ ಪುಸ್ತಕ ಹಿಡಿದು ಹೋಗುತ್ತಿದ್ದೆ. "ಮ್ಯಾನೇಜ್‌ಮೆಂಟ್ ಓದ್ಲಿಕ್ಕತ್ತಾಳ, ಯಾರೂ ಒಳಗ ಹೋಗಬ್ಯಾಡ್ರಿ," ಎಂದು ಅಪ್ಪ ಕಾವಲು ಕಾಯುತ್ತಿದ್ದರು.

ಎಂಟು ದಿನ ಸುಖವಾಗಿ ಕಳೆಯಿತು. ಒಂಬತ್ತನೇ ದಿನ ಮೇಲಿನ ಸಾ ಮುಟ್ಟಲೇಬೇಕೆಂದು ಕಣ್ಣು ಮುಚ್ಚಿ, ಕಿವಿಯ ಮೇಲೆ ಕೈಯಿಟ್ಟು, ಪ್ರಾಣವನ್ನೆಲ್ಲ ಒಟ್ಟುಗೂಡಿಸಿ ಸ್ವರ ಎತ್ತಿದೆ. ಅದೇ ಕ್ಷಣಕ್ಕೆ ಕರೆಂಟು ಹೋಯಿತು! ಯಂತ್ರ ನಿಂತಿತು. ನಾನು ನಿಲ್ಲಲಿಲ್ಲ.

ಹೊರಗೆ ಡಬ್ಬಿಗಳು ಉರುಳಿದ ಸದ್ದು. "ಅಯ್ಯ ನಮ್ಮವ್ವ! ಹುಡುಗಿ ಮಿಶನ್ನಿಗೆ ಸಿಕ್ಕೊಂಡ್ತು!" ಎಂದು ಜೋಳ ಬೀಸಿಸಲು ಬಂದಿದ್ದ ಓಣಿಯ ಗಂಗವ್ವಾಯಿ ಕೂಗಿದಳು. ಅಪ್ಪ ಬಾಗಿಲು ತಳ್ಳಿ ಒಳಗೆ ನುಗ್ಗಿದರು. ಅವರ ಹಿಂದೆ ಆರೇಳು ಹೆಂಗಸರು.

"ಏನಾತವಾ? ಕೈ ಎಲ್ಲೆ? ಬಟ್ಟೆರ ಸಿಕ್ಕಿತೇನು?"

"ಏನಿಲ್ಲಪ್ಪಾ," ಎಂದೆ ಸಣ್ಣ ದನಿಯಲ್ಲಿ. "ಸಾ ಹಚ್ಚಿದೆ."

ಅಲ್ಲಿಯೇ, ಚೀಲಗಳ ನಡುವೆ, ಅಷ್ಟೂ ಸಾಕ್ಷಿಗಳ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪ ಚೀಲದ ಮೇಲೆ ಕುಳಿತರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನಗುತ್ತಿದ್ದರು! ನಕ್ಕ ರಭಸಕ್ಕೆ ಮೀಸೆಯಿಂದ ಹಿಟ್ಟು ಉದುರಿತು.

"ಹತ್ತ ಮಂದ್ಯಾಗ ನೀ ಒಬ್ಬಾಕಿ ಇರದಿದ್ರ ಆ ಒಂಬತ್ತು ಮಂದಿ ಮನಿಗೆ ಹೋಗೂದಿತ್ತೇನು?"

"ಹೂಂ ಅಪ್ಪಾ."

"ಹಂಗಾದ್ರ ಕಲಿ. ಆದ್ರ ಕರೆಂಟ್ ಇದ್ದಾಗ ಅಷ್ಟ ಕಲಿ."

ಎರಡನೇ ವರ್ಷ ಕಮತಗಿಯಲ್ಲಿ ನಮ್ಮ ತರಗತಿಯ ಕಾರ್ಯಕ್ರಮ ಏರ್ಪಾಡಾಯಿತು. ಹೊರಡುವ ಮೊದಲು ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಗೌರವದಿಂದ ಹೇಳಿದರು: "ಗೀತಾನ ಹಿಂದ ನೀ ತಂಬೂರಿ ಹಿಡಕೊಂಡು ಕುಂದ್ರಬೇಕವಾ. ತಂತಿ ಮೀಟಿದ್ರ ಸಾಕು. ಬಾಯಿಗೆ ತ್ರಾಸ ಕೊಡಬ್ಯಾಡ."

ಕೊಡಲಿಲ್ಲ. ಮಧ್ಯಾಹ್ನ ವೇದಿಕೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಒಂದಿಷ್ಟು ಸಾ ಹಚ್ಚಿ ನೋಡಿದ್ದು ಬೇರೆ ಮಾತು; ವೇದಿಕೆಯ ಮೇಲೆ ಒಂದೂವರೆ ತಾಸು ತುಟಿ ಬಿಗಿದು ಮೀಟಿದೆ. ಗೀತಾ ಹಾಡಿದ ಪರಿಗೆ ಜನ ಮಿಸುಕಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಪ್ಪ, ಪಕ್ಕದವರಿಗೆಲ್ಲ ನನ್ನನ್ನೇ ಬೆರಳು ಮಾಡಿ ತೋರಿಸುತ್ತಿದ್ದುದು ಕಾಣುತ್ತಿತ್ತು. ಎದೆ ಉಬ್ಬಿತು. ನಾಲ್ಕು ತಂತಿ ಮೀಟುವುದೂ ಒಂದು ಕಲೆಯೇ ಅಲ್ಲವೇ!

ಕಾರ್ಯಕ್ರಮ ಮುಗಿದ ಮೇಲೆ ವಯಸ್ಸಾದ ಅಜ್ಜಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದಳು. ಗೀತಾಳನ್ನು ದಾಟಿ ನೇರವಾಗಿ ನನ್ನ ಬಳಿ ಬಂದು, ಎರಡೂ ಕೈಯಿಂದ ಕೆನ್ನೆ ಸವರಿ ಲಟಿಕೆ ಮುರಿದಳು. ಕೊನೆಗೂ ಒಬ್ಬರಾದರೂ ನನ್ನನ್ನು ಗುರುತಿಸಿದರು ಎಂದು ಕಣ್ಣಲ್ಲಿ ನೀರಾಡಿತು.

"ಮಧ್ಯಾಹ್ನ ನೀ ಒಳಗ ಅಭ್ಯಾಸ ಮಾಡೂದು ಕೇಳಿ ನಾ ಮನಿಗೆ ಹೊಂಟಿದ್ನಿ ಮಗಳ," ಎಂದಳು ಅಜ್ಜಿ. "ಇವತ್ತ ನೀ ಹಾಡಲಿಲ್ಲ ನೋಡು, ಭಾಳ ಪುಣ್ಯಾ ಕಟ್ಟಿಗೊಂಡಿ."